ಸಿರೆಯೊಳಗೆ ಹೊಕ್ಕ ವಾಯು

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಗಳ ತೋಟಗಾರರಿಗೆಲ್ಲ ಒಂದು ಸಂಗತಿ ವಿದಿತವಾಗಿದೆ. ಬಾವಿಯ ನೀರೆತ್ತುವ ಪಂಪಿನೊಳಕ್ಕೆ ಗಾಳಿ ಹೊಕ್ಕರೆ ಚಕ್ರವು ತಿರುಗುತ್ತಲೇ ಇದ್ದರೂ ನೀರು ಮೇಲೇರದು. ಮಾನವನ ಹೃದಯಕ್ಕೂ ಇಂತಹ ಅವಸ್ಥೆಯೇ ಒದಗುವುದುಂಟು. ಸಿರೆಯ ಮಾರ್ಗವಾಗಿ ಬಂದ ವಾಯುವು ಬಲಭಾಗದ ಕೋಶಗಳನ್ನು ತುಂಬಿದರೆ, ಹೃದಯವು ಮಿಡಿಯುತ್ತಿದ್ದರೂ ಶ್ವಾಸಕೋಶಕ್ಕೆ ರಕ್ತವು ಹೋಗದು.

ಈ ಅಪಾಯದ ಅರಿವು ಹಳೆಯದು. 17ನೆಯ ಶತಮಾನದಲ್ಲಿಯೇ ಇಟಲಿಯ ಫ್ರಾನ್ಸೆಸ್ಕೊ ರೆಡಿಯು ಪ್ರಾಣಿಗಳ ಸಿರೆಗೆ ಗಾಳಿಯನ್ನೂದಿ, ಅವು ಸಾಯುವುದನ್ನು ಕಂಡನು. 1839ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಅಮ್ಯುಸಾ ಈ ವಿಷಯವನ್ನೇ ಕುರಿತು ಗ್ರಂಥವನ್ನು ಪ್ರಕಟಿಸಿದನು. ಅಂದಿನವರಿಗೆ ಕಿವಿಯೇ ಮುಖ್ಯ ಸಾಧನ: ಕತ್ತರಿಸಿದ ಸಿರೆಯು ಗಾಳಿಯನ್ನು ಹೀರುವ ಸುಯ್ಯೆಂಬ ಸದ್ದು, ಎದೆಯೊಳಗೆ ನೀರಿನ ಗಿರಣಿಯ ಚಕ್ರ ತಿರುಗಿದಂತಹ ಮೊರೆತ. ಈ ಮೊರೆತ ಕೇಳಿಸುವ ವೇಳೆಗೆ ಹೊಕ್ಕ ವಾಯುವು ಅಲ್ಪವಾಗಿರುತ್ತಿರಲಿಲ್ಲ. ಅಂತಹ ರೋಗಿಯನ್ನು ಎಡಮಗ್ಗುಲಾಗಿ ಮಲಗಿಸುವ ಉಪಾಯವನ್ನು 1947ರಲ್ಲಿ ಅಮೆರಿಕದ ಡ್ಯುರಾಂಟ್ ಮತ್ತು ಸಂಗಡಿಗರು ತಿಳಿಸಿದರು.

1967ರಲ್ಲಿ ಕ್ಲೀವ್‌ಲೆಂಡಿನಲ್ಲಿ ಫವಲೋರೊ ಎಂಬ ವೈದ್ಯರು ಕಾಲಿನ ಸಿರೆಯಿಂದ ಹೃದಯದ ಧಮನಿಗೆ ಬದಲುದಾರಿಯನ್ನು ಕಲ್ಪಿಸಿದರು. ನಮ್ಮ ದೇಶದಲ್ಲಿ 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ನರು ಬದಲುದಾರಿಯ ಚಿಕಿತ್ಸೆಯನ್ನು ನಡೆಸಿದರು. ಸಿರೆಗಾಗಿ ಕಾಲನ್ನು ಉದ್ದಕ್ಕೂ ಸೀಳುವುದರಿಂದ ಗಾಯವು ಕೀವುಗಟ್ಟುವ ಭಯವಿತ್ತು. ಆದುದರಿಂದ 1990ರ ದಶಕದಲ್ಲಿ, ಮೊಣಕಾಲ ಬಳಿ ಸಣ್ಣದಾಗಿ ಕೊಯ್ದು, ದರ್ಶಕನಳಿಗೆಯನ್ನು ತೂರಿಸಿ, ಇಂಗಾಲಾಮ್ಲ ವಾಯುವಿನಿಂದ ಎಡೆಮಾಡಿಕೊಂಡು ಸಿರೆಯನ್ನು ಬಿಡಿಸುವ ಕ್ರಮವು ಬಳಕೆಗೆ ಬಂದಿತು.

ಈ ವಾಯುವು ರಕ್ತದಲ್ಲಿ ಬೇಗನೆ ಕರಗುವುದರಿಂದ ಸಾಮಾನ್ಯ ಗಾಳಿಯಷ್ಟು ಘಾತುಕವಲ್ಲ. ಆದರೂ ಕವಲುಸಿರೆಯೊಂದು ಹರಿದು, ಹೊರಗಿನ ಒತ್ತಡವು ಸಿರೆಯೊಳಗಿನದನ್ನು ಮೀರಿದರೆ, ಅದು ನೇರವಾಗಿ ಹೃದಯವನ್ನು ಸೇರುವುದು. ಇಲ್ಲಿಯೇ ನಿಜವಾದ ತೊಡಕು. ಹೃದ್ರೋಗಿಯ ರಕ್ತದೊತ್ತಡವು ಕುಸಿದಾಗ ಹೃದ್ರೋಗವನ್ನೇ ದೂರುವುದು ಸುಲಭ. ಕಾಲಿನ ಕಡೆಗೆ ಲಕ್ಷ್ಯ ಹೋಗುವುದು ಕಷ್ಟ. ನಿಶ್ವಾಸದಲ್ಲಿ ಇಂಗಾಲಾಮ್ಲದ ಪ್ರಮಾಣವು ಥಟ್ಟನೆ ಇಳಿಯುವುದು, ಶ್ವಾಸಕೋಶದ ಧಮನಿಯ ಒತ್ತಡವೇರುವುದು, ರಕ್ತದ ಆಮ್ಲಜನಕ ತಗ್ಗುವುದು, ಇವು ಸೂಚನೆಗಳು. ಅನ್ನನಾಳದೊಳಗಿಟ್ಟ ಶ್ರವಣಾತೀತ ಧ್ವನಿಯ ಯಂತ್ರವಾದರೋ ಗುಳ್ಳೆಗಳನ್ನು ಕಣ್ಣಿಗೇ ತೋರಿಸುವುದು.

ಶಂಕೆ ಮೂಡಿದೊಡನೆ ವಾಯುವನ್ನು ನಿಲ್ಲಿಸಿ, ಶುದ್ಧ ಆಮ್ಲಜನಕವನ್ನು ಕೊಡುವುದು ಮೊದಲ ಕರ್ತವ್ಯ. ಆದರೆ ತಲೆಯ ಬಳಿ ಕುಳಿತ ಅರಿವಳಿಕೆಯ ವೈದ್ಯನೂ ಕಾಲಿನ ಬಳಿ ನಿಂತ ಶಸ್ತ್ರವೈದ್ಯನೂ ಕ್ಷಣಕ್ಷಣಕ್ಕೂ ಪರಸ್ಪರ ಮಾತನಾಡದಿದ್ದರೆ ಈ ಶಂಕೆಯೇ ಮೂಡದು. ಎಷ್ಟು ಯಂತ್ರಗಳಿದ್ದರೂ, ಕಂಡುದನ್ನು ಕೂಡಲೇ ಹೇಳುವ ಬಾಯಿ ಬೇಕು.