ವಂಶಾವಳಿಯೆಂಬ ಆಟ

ಕಾಲ್ಪನಿಕ ರಾಜ್ಯಗಳ ಕಥೆ ಹೇಳುವ ವಿಡಿಯೋ ಆಟಗಳಲ್ಲಿ ಮದುವೆಗೆ ಬಹುಕಾಲ ಇದ್ದದ್ದು ಮಂಗಳಾರತಿಯ ಸ್ಥಾನ. ರಾಕ್ಷಸನನ್ನು ಕೊಂದ ನಾಯಕನಿಗೆ ರಾಜಕುಮಾರಿ ದೊರೆಯುವಳು. ಅಲ್ಲಿಗೆ ಆಟ ಮುಗಿಯುವುದು. ಮದುವೆಯ ಆಚೆಗೂ ಸಂಸಾರವಿದೆ, ಮಕ್ಕಳಿದ್ದಾರೆ, ಅಗಲಿಕೆಯಿದೆ ಎಂಬುದನ್ನು ಆಟದ ನಡುಮಧ್ಯಕ್ಕೆ ತಂದ ಎರಡು ಕೃತಿಗಳು 1990ರ ದಶಕದ ಜಪಾನಿನಲ್ಲಿ ಬಂದವು.

ಮೊದಲನೆಯದು ಯೂಜಿ ಹೊರಿಯವರ 'ಡ್ರ್ಯಾಗನ್ ಕ್ವೆಸ್ಟ್ 5' (1992). ಇದರ ನಾಯಕ ಕಥೆಯ ನಡುವೆ ಬಾಲ್ಯದ ಗೆಳತಿ ಬಿಯಾಂಕಾ, ಸಿರಿವಂತರ ಮಗಳು ಫ್ಲೋರಾ, ಇವರಲ್ಲಿ ಒಬ್ಬಳನ್ನು ವರಿಸಬೇಕು. ಆಯ್ಕೆ ಆಡುವವರದು. ಅವಳಿ ಮಕ್ಕಳು ಹುಟ್ಟುತ್ತಾರೆ. ತಾಯಿ ಯಾರೆಂಬುದರ ಮೇಲೆ ಅವರ ಕೂದಲ ಬಣ್ಣ ಬದಲಾಗುತ್ತದೆ. ಆಮೇಲೆ ಗಂಡಹೆಂಡಿರಿಬ್ಬರೂ ಶಿಲೆಯಾಗುತ್ತಾರೆ. ನಾಯಕನ ಶಿಲೆಯನ್ನು ಹಣವಂತರೊಬ್ಬರು ಕೊಂಡು ತಮ್ಮ ಮನೆಯಂಗಳದಲ್ಲಿ ನಿಲ್ಲಿಸುತ್ತಾರೆ. ಎಂಟು ವರ್ಷ ಅವನು ಅಲುಗದೆ ನಿಂತು ಬೇರೆಯವರ ಮಗು ಬೆಳೆಯುವುದನ್ನು ನೋಡುತ್ತಾನೆ. ಅಹಲ್ಯೆಯ ಕಥೆ ಬಲ್ಲ ನಮಗೆ ಶಿಲೆಯಾಗುವುದು ಹಳೆಯ ಸಂಗತಿ; ಶಿಲೆಯ ಕಣ್ಣು ತೆರೆದೇ ಇರುವುದು ಮಾತ್ರ ಹೊಸತು. ಅವನನ್ನು ಎಬ್ಬಿಸಲು ಬರುವವರು ಅವನದೇ ಮಕ್ಕಳು.

ಇಲ್ಲಿ ಪ್ರೇಮವೂ ವಿರಹವೂ ಲೇಖಕರು ಬರೆದಿಟ್ಟಂತೆ ನಡೆಯುತ್ತವೆ. ನಾಲ್ಕು ವರ್ಷಗಳ ನಂತರ ಶೋಜೊ ಕಾಗಾ ರೂಪಿಸಿದ 'ಫೈರ್ ಎಂಬ್ಲಮ್: ಸೇಸೆನ್ ನೊ ಕೇಫು', ಎಂದರೆ 'ಪವಿತ್ರ ಯುದ್ಧದ ವಂಶಾವಳಿ' (1996), ಒಲವನ್ನು ಲೆಕ್ಕದ ವಶಕ್ಕೆ ಕೊಟ್ಟಿತು. ಜಪಾನಿ ಭಾಷೆಯಲ್ಲಿ ಮಾತ್ರ ಹೊರಬಂದ ಇದನ್ನು ಉಳಿದ ಲೋಕ ಬಲ್ಲುದು ಅಭಿಮಾನಿಗಳು ತಾವೇ ಮಾಡಿಕೊಂಡ ಅನುವಾದಗಳಿಂದ. ಚದುರಂಗದಂಥ ರಣರಂಗ, ಸಿಗುರ್ಡ್ ಎಂಬ ಯುವ ಸಾಮಂತಪುತ್ರನ ಸೈನ್ಯ. ಅದರಲ್ಲಿರುವ ಸ್ತ್ರೀಪುರುಷರ ನಡುವೆ ಆಡುವವರ ಕಣ್ಣಿಗೆ ಕಾಣದ ಒಲವಿನ ಅಂಕಿಯೊಂದಿದೆ. ಅಕ್ಕಪಕ್ಕದ ಮನೆಗಳಲ್ಲಿ ನಿಲ್ಲಿಸಿದರೆ ಬೇಗ ಏರುತ್ತದೆ. 500 ಮುಟ್ಟಿದಾಗ ಇಬ್ಬರೂ ಪ್ರೇಮಿಗಳು. ಯಾರ ಮನಸ್ಸು ಯಾರತ್ತ ಎಂದು ತಿಳಿಯಲು ಕೋಟೆಯೊಳಗೆ ಕಣಿ ಹೇಳುವವರ ಬಳಿ ಹೋಗಬೇಕು. ಕಾಳಗದಲ್ಲಿ ಮಡಿದವರು, ಒಂದು ಅಪರೂಪದ ಮಂತ್ರದಂಡದ ಹೊರತು, ಮರಳುವುದಿಲ್ಲ.

ಆಟ ಅರ್ಧ ಕಳೆದಾಗ ಗೆದ್ದ ಸೈನ್ಯ ರಾಜಧಾನಿ ಬೆಲ್‌ಹಲ್ಲಾಕ್ಕೆ ಬರುತ್ತದೆ. ಸ್ವಾಗತಿಸುವ ಅರ್ವಿಸ್ ತನ್ನ ಪತ್ನಿಯನ್ನು ಪರಿಚಯಿಸುತ್ತಾನೆ. ಅವಳು ಡೀರ್ಡ್ರಾ, ಕಾಣೆಯಾಗಿದ್ದ ಸಿಗುರ್ಡ್‌ನ ಹೆಂಡತಿ; ನೆನಪಳಿದವಳಾದ್ದರಿಂದ ಗಂಡನ ಗುರುತು ಹಿಡಿಯಳು. ಮರುಗಳಿಗೆಗೆ ಸಿಗುರ್ಡ್ ಬೆಂಕಿಗೆ ಬಲಿಯಾಗುತ್ತಾನೆ. ಗಂಟೆಗಟ್ಟಲೆ ಜೋಪಾನ ಮಾಡಿದ ಸೈನ್ಯ, ಕೂಡಿಸಿದ ಜೋಡಿಗಳು, ಎಲ್ಲ ಚೆಲ್ಲಾಪಿಲ್ಲಿ. ಆಡುವವರ ಯಾವ ಜಾಣ್ಮೆಯೂ ಇದನ್ನು ತಪ್ಪಿಸಲಾರದು. ಸುಮಾರು 17 ವರ್ಷಗಳ ನಂತರ ಕಥೆ ಮಕ್ಕಳ ಪಾಲಿಗೆ ಬರುತ್ತದೆ. ಸಿಗುರ್ಡ್‌ನ ಮಗ ಸೆಲಿಫ್‌ನ ಜೊತೆಗೆ ನಿಲ್ಲುವವರು ನಾವು ಕೂಡಿಸಿದ್ದ ಜೋಡಿಗಳ ಸಂತಾನ; ತಂದೆತಾಯಿಯರ ಆಯುಧ, ಕೌಶಲಗಳನ್ನು ಹೊತ್ತವರು. ಮದುವೆಯಾಗದೆ ಹೋದವಳ ಮಕ್ಕಳ ಜಾಗಕ್ಕೆ ವಂಶಬಲವಿಲ್ಲದ ಬೇರೆ ಹುಡುಗರು ಬರುತ್ತಾರೆ. ನಮಗೇನೋ ಆ ಬಡಪಾಯಿಗಳ ಮೇಲೆಯೇ ಅಕ್ಕರೆ ಹೆಚ್ಚು.

ಕೃತಿಯ ಆಳವಾದ ಇರಿತ ಇರುವುದು ಇನ್ನೊಂದೆಡೆ. ಎರಡನೆಯ ಬಾರಿ ಆಡುವವರು ಒಲವನ್ನು ಬದಿಗಿಟ್ಟು ಸಂತಾನದ ಲೆಕ್ಕ ಹಾಕತೊಡಗುತ್ತಾರೆ: ಯಾರಿಗೆ ಯಾರನ್ನು ತಂದರೆ ಮಗನಿಗೆ ಯಾವ ಅಸ್ತ್ರ ದಕ್ಕೀತು? ಗೋತ್ರ, ಕುಲ, ಕೂಟ ನೋಡಿ ಜಾತಕ ಕೂಡಿಸುವ ಹಿರಿಯರನ್ನು ಕಂಡವರಿಗೆ ಈ ಉದ್ಯೋಗ ಚೆನ್ನಾಗಿ ಗೊತ್ತು. ಕಥೆಯೊಳಗೆ ಮನ್‌ಫ್ರಾಯ್ ಎಂಬ ಮಾಂತ್ರಿಕ ಮಾಡುವುದೂ ಇದನ್ನೇ. ಡೀರ್ಡ್ರಾಳನ್ನು ಕದ್ದೊಯ್ದು ಸ್ಮೃತಿ ಅಳಿಸಿ ಅರ್ವಿಸ್‌ನ ಮಡದಿಯಾಗುವಂತೆ ಮಾಡಿದವನು ಅವನು. ಅವರಿಬ್ಬರೂ ಒಂದೇ ತಾಯಿಯ ಮಕ್ಕಳು, ಅವರಿಗದು ತಿಳಿಯದು. ಇಬ್ಬರಲ್ಲೂ ಅಂಶವಾಗಿ ಹರಿಯುವ ಕರಾಳ ದೈವದ ರಕ್ತ ಅವರ ಮಗನಲ್ಲಿ ಪೂರ್ಣವಾಗಿ ಮೈದಳೆಯಲಿ ಎಂಬುದು ಮಾಂತ್ರಿಕನ ಎಣಿಕೆ. ಖಳನೂ ಆಡುವವರೂ ಒಂದೇ ವಂಶಾವಳಿಯ ಮೇಲೆ ಬೆರಳಿಟ್ಟು ಕುಳಿತಿದ್ದಾರೆ. ಇದನ್ನು ಕಾಗಾ ಬೇಕೆಂದೇ ಹೀಗೆ ಹೆಣೆದರೋ, ನಿಯಮಗಳೇ ಹೀಗೆ ಹೆಣೆದುಕೊಂಡವೋ, ಆಡುವವರು ಮಾತ್ರ ಹಾಯಾಗಿ ಕೂರಲಾರರು.

2012ರ 'ಫೈರ್ ಎಂಬ್ಲಮ್: ಅವೇಕನಿಂಗ್' ಮದುವೆಯನ್ನೂ ಮಕ್ಕಳನ್ನೂ ಮತ್ತೆ ತಂದಿತು, ನೋವನ್ನು ಬಹಳಷ್ಟು ತೆಳುವಾಗಿಸಿತು. ಮಡಿದವರು ಕದನ ಮುಗಿದೊಡನೆ ಎದ್ದು ಬರುವ ಸೌಮ್ಯ ವಿಧಾನವನ್ನು ಬೇಕಾದವರು ಆಯ್ದುಕೊಳ್ಳಬಹುದು. ಮಕ್ಕಳು ಹಾಳಾದ ಭವಿಷ್ಯವೊಂದರಿಂದ ಕಾಲ ದಾಟಿ ಬಂದು, ಇನ್ನೂ ಯೌವನದಲ್ಲಿರುವ ತಂದೆತಾಯಿಯರ ಪಕ್ಕದಲ್ಲೇ ಹೋರಾಡುತ್ತಾರೆ. ಪ್ರೇಮಸಂಭಾಷಣೆಗಳು ಹೇರಳ, ಹಲವು ಸೊಗಸಾಗಿಯೂ ಇವೆ. ಅವುಗಳ ಭಾರ ಮಾತ್ರ ಕಡಿಮೆ. ಆದರೆ ಲೂಸಿನಾ ಕ್ರೋಮ್‌ನನ್ನು ಅಪ್ಪನೆಂದು ಕರೆದು ಅಳುವ ಗಳಿಗೆಯೊಂದಿದೆ. ಅವಳನ್ನು ಬೆಳೆಸಿದ ಅಪ್ಪ ಆ ಇನ್ನೊಂದು ಕಾಲದಲ್ಲಿ ಸತ್ತಿದ್ದಾನೆ. ಎದುರಿಗೆ ನಿಂತವನಿಗೆ ಈ ಮಗಳ ಬಾಲ್ಯದ ಒಂದು ನೆನಪೂ ಇಲ್ಲ. ಅವನ ಮನೆಯ ತೊಟ್ಟಿಲಲ್ಲಿ ಇನ್ನೊಬ್ಬಳು ಲೂಸಿನಾ ಇದ್ದಾಳೆ.