ಮೂಸಿಯ ಮಹಾಪೂರವೂ ವಿಶ್ವೇಶ್ವರಯ್ಯನವರ ಪರಿಶೀಲನೆಯೂ

ಬಂಗಾಳಕೊಲ್ಲಿಯಲ್ಲೆದ್ದ ಚಂಡಮಾರುತವು ದಖ್ಖಣದ ಮೇಲೆ ಸುರಿಸಿದ ಮಳೆಯಿಂದ ಉಕ್ಕಿದ ಮೂಸಿ ನದಿಯು, 1908ನೆಯ ಸೆಪ್ಟೆಂಬರ್ 28ರಂದು ಹೈದರಾಬಾದು ನಗರವನ್ನು ಹೊಕ್ಕು, ಸಹಸ್ರಾರು ಗೃಹಗಳನ್ನು ನೆಲಸಮಗೊಳಿಸಿ, ಅಫ್ಜಲ್‌ಗಂಜಿನ ಆಸ್ಪತ್ರೆಯನ್ನು ಕೆಡವಿ, ಹದಿನೈದು ಸಾವಿರದಷ್ಟು ಜನರನ್ನು ಆಹುತಿಗೊಂಡಿತೆಂದು ಅಂದಾಜು. ಮುಂಬಯಿ ಸರಕಾರದ ಸೇವೆಯನ್ನು ತ್ಯಜಿಸಿ ವಿದೇಶ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ನಿಜಾಮ ಸರಕಾರದ ಕರೆ ಹೋಯಿತು. 1909ರಲ್ಲಿ ಬಂದ ಅವರು, ನಗರದಲ್ಲಿ ಬಿದ್ದ ಗೋಡೆಗಳಿಗಿಂತ ಹೆಚ್ಚಾಗಿ, ನಗರದ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ ಒಡೆದ ಕೆರೆಯೇರಿಗಳ ಕಡೆಗೆ ಗಮನವಿತ್ತರು. ಅವರ ಪ್ರತಿಭೆಯ ಗುರುತು ಇಲ್ಲಿಯೇ ಇದೆಯೆಂದು ನನ್ನ ಭಾವನೆ. ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದುವು. ಶಂಷಾಬಾದಿನಲ್ಲಿ 24 ಗಂಟೆಗಳೊಳಗೆ 12.8 ಅಂಗುಲ ಮಳೆಯಾಗಿತ್ತು. ಮೇಲಿನ ಕೆರೆಯೊಡೆದ ನೀರು ಕೆಳಗಿನ ಏರಿಯನ್ನು ಕೊಚ್ಚುತ್ತ ಬಂದು ಪ್ರವಾಹವನ್ನು ಇಮ್ಮಡಿಸಿತೆಂಬುದು, ಕೆರೆ ಕಟ್ಟಿಸುವುದನ್ನೇ ಪರಮಪುಣ್ಯವೆಂದೆಣಿಸಿದ ನಾಡಿಗೆ ಅಪ್ರಿಯವಾದರೂ ಸತ್ಯವೇ. ಗರಿಷ್ಠ ಹರಿವನ್ನು ಸೆಕೆಂಡಿಗೆ 4,25,000 ಘನ ಅಡಿಯೆಂದು ಗಣಿಸಿ, ಹೆಚ್ಚಿನ ನೀರನ್ನು ನಗರದ ಮೇಲೆಯೇ ಜಲಾಶಯಗಳಲ್ಲಿ ತಡೆಹಿಡಿಯತಕ್ಕದ್ದೆಂದು ಅವರು ಸಲಹೆಯಿತ್ತರು. ಅದೇ ವರ್ಷ ಅವರು ಮೈಸೂರಿನ ಮುಖ್ಯ ಎಂಜಿನಿಯರರಾಗಿ ತೆರಳಿದರು. ಮೂಸಿಗೆ ಉಸ್ಮಾನ್ ಸಾಗರವು 1920ರಲ್ಲಿಯೂ, ಉಪನದಿಯಾದ ಈಸಿಗೆ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣಗೊಂಡುವು.