ಪರಂಪರೆಯ ಪಾಲಕರು ಯಾರು?

ಧರ್ಮಸಂಸ್ಥೆಗಳ ಇತಿಹಾಸದಲ್ಲಿ ನಿಷ್ಠೆ ಮತ್ತು ವಿಧೇಯತೆಗಳನ್ನು ಒಂದೇ ಗುಣದ ಎರಡು ಹೆಸರುಗಳೆಂದು ಭಾವಿಸುವುದು ವಾಡಿಕೆ. ಇವೆರಡೂ ಪರಸ್ಪರ ಎದುರು ನಿಂತ ಸಂದರ್ಭಗಳೂ ಇವೆ. ಫ್ರಾನ್ಸಿನ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ (1905-1991) ಅವರಿಗೂ ರೋಮಿಗೂ ನಡೆದ ಸಂಘರ್ಷ ಅಂತಹ ಒಂದು ಸಂದರ್ಭ.

1570ರಲ್ಲಿ ಐದನೆಯ ಪಯಸ್ ಪೋಪ್ ವ್ಯವಸ್ಥೆಗೊಳಿಸಿದ ಲ್ಯಾಟಿನ್ ಪೂಜಾವಿಧಿಯು ಕೆಲವು ತಿದ್ದುಪಡಿಗಳೊಡನೆ ಸುಮಾರು ನಾಲ್ಕು ಶತಮಾನಗಳ ಕಾಲ ಬಳಕೆಯಲ್ಲಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು (1962-65) ದೇಶಭಾಷೆಗಳಿಗೆ ಅವಕಾಶ ನೀಡಿತಾದರೂ ಲ್ಯಾಟಿನ್ ಭಾಷೆಯನ್ನು ಬಹಿಷ್ಕರಿಸಲಿಲ್ಲ. 1969ರಲ್ಲಿ ಆರನೆಯ ಪಾಲ್ ಪೋಪ್ ಹೊಸ ಪೂಜಾಗ್ರಂಥವನ್ನು ಜಾರಿಗೆ ತಂದರು. ಆ ಬಳಿಕ ದೇಶಭಾಷೆಯ ಪೂಜೆ ಮತ್ತು ಗುರುವು ಜನರಿಗೆ ಅಭಿಮುಖವಾಗಿ ನಿಲ್ಲುವ ಕ್ರಮಗಳು ಎಲ್ಲೆಡೆ ರೂಢವಾದವು. ಸಂಪ್ರದಾಯವಾದಿಗಳ ಆಕ್ಷೇಪ ಕೇವಲ ಭಾಷೆಯದಾಗಿರಲಿಲ್ಲ. ಹೊಸ ವಿಧಿಯಲ್ಲಿ ಬಲಿಪೂಜೆಯ ಅರ್ಥವೇ ಮಸುಕಾಯಿತು, ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತ ಮಹಾಸಭೆಯ ಘೋಷಣೆಯು ಹಿಂದಿನ ಪೋಪರ ಬೋಧನೆಗೆ ವಿರುದ್ಧವಾಯಿತು ಎಂಬುದು ಅವರ ವಾದ.

ಲೆಫೆವ್ರ್ ಹೊರಗಿನ ಟೀಕಾಕಾರರಲ್ಲ. ಗ್ಯಾಬೊನಿನಲ್ಲಿ ಮಿಷನರಿಯಾಗಿ ದುಡಿದು, ಡಕಾರಿನ ಆರ್ಚ್‌ಬಿಷಪ್ ಆಗಿ, ಮಹಾಸಭೆಯಲ್ಲಿಯೂ ಭಾಗವಹಿಸಿದ್ದವರು. 1970ರಲ್ಲಿ ಅವರು ಹತ್ತನೆಯ ಪಯಸ್ ಹೆಸರಿನ ಗುರುಸಂಘವನ್ನು ಸ್ಥಾಪಿಸಿದರು. ಸ್ವಿಟ್ಜರ್ಲೆಂಡಿನ ಎಕೋನ್ ಗುರುಮಠ ಅದರ ಕೇಂದ್ರವಾಯಿತು. 1975ರಲ್ಲಿ ಸಂಘವು ಮಾನ್ಯತೆಯನ್ನು ಕಳೆದುಕೊಂಡಿತು. ಮರುವರ್ಷ ನಿಷೇಧವನ್ನು ಮೀರಿ ಗುರುದೀಕ್ಷೆ ನೀಡಿದ್ದಕ್ಕಾಗಿ ಲೆಫೆವ್ರ್ ಪೂಜಾಧಿಕಾರದಿಂದ ಅಮಾನತಾದರು.

ಬಿಷಪರಿಲ್ಲದೆ ಗುರುದೀಕ್ಷೆಯಿಲ್ಲ, ಪೋಪರ ಆದೇಶವಿಲ್ಲದೆ ಬಿಷಪ್ ದೀಕ್ಷೆ ನೀಡುವಂತಿಲ್ಲ. 82 ವರ್ಷದ ಲೆಫೆವ್ರ್ ಅವರ ಮುಂದಿದ್ದ ಬಿಕ್ಕಟ್ಟು ಇದೇ. 1988ರ ಮೇ 5ರಂದು ಅವರು ಕಾರ್ಡಿನಲ್ ರಾಟ್ಸಿಂಗರ್ ಅವರೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಹಿಂದೆ ಸರಿದರು. ಜೂನ್ 30ರಂದು ನಾಲ್ವರಿಗೆ ಬಿಷಪ್ ದೀಕ್ಷೆ ನೀಡಿದರು. ಬಹಿಷ್ಕಾರದ ಘೋಷಣೆ ಕೂಡಲೇ ಹೊರಬಿದ್ದಿತು. ಪೋಪರ ಪರಮಾಧಿಕಾರವನ್ನು ನಂಬಿ ಬಾಳಿದವರು ಹಿಂದಿನ ಪೋಪರನ್ನು ಸಾಕ್ಷಿಯಾಗಿಟ್ಟುಕೊಂಡು ಇಂದಿನ ಪೋಪರನ್ನು ಮೀರಿದ್ದರು. ಪರಂಪರೆ ಜೀವಂತವಾದುದು, ಅದನ್ನು ಪೋಪ್ ಮತ್ತು ಬಿಷಪರ ಸಮುದಾಯದ ಬೋಧನಾಧಿಕಾರಕ್ಕೆ ಎದುರಾಗಿ ನಿಲ್ಲಿಸಲಾಗದು ಎಂಬುದು ಎರಡನೆಯ ಜಾನ್ ಪಾಲ್ ಅವರ ಉತ್ತರವಾಗಿತ್ತು. ಸಂಘದ ಕೆಲವು ಗುರುಗಳು ಹಳೆಯ ವಿಧಿಯನ್ನು ಬಿಡದೆಯೇ ರೋಮಿನೊಡನೆ ಉಳಿದುಕೊಂಡರು ಎಂಬುದೂ ಗಮನಾರ್ಹ.

ಅದೇ ರಾಟ್ಸಿಂಗರ್ ಹದಿನಾರನೆಯ ಬೆನೆಡಿಕ್ಟ್ ಪೋಪ್ ಆಗಿ 2007ರಲ್ಲಿ ಹಳೆಯ ಪೂಜಾವಿಧಿಗೆ ವ್ಯಾಪಕ ಅವಕಾಶವಿತ್ತರು. 2009ರಲ್ಲಿ ಆ ನಾಲ್ವರು ಬಿಷಪರ ಮೇಲಿನ ಬಹಿಷ್ಕಾರವನ್ನು ತೆರವುಗೊಳಿಸಿದರು. ಐಕ್ಯಕ್ಕಾಗಿ ನೀಡಿದ ಅವಕಾಶವೇ ಭೇದಕ್ಕೆ ಬಳಕೆಯಾಯಿತೆಂದು 2021ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಮತ್ತೆ ಬಿಗಿಗೊಳಿಸಿದರು. ಆ ಶಾಸನದ ಆರಂಭದ ಲ್ಯಾಟಿನ್ ಪದಗಳ ಅರ್ಥ ‘ಪರಂಪರೆಯ ಪಾಲಕರು’ ಎಂದು. ಅಲ್ಲಿ ಅದು ಬಿಷಪರನ್ನು ಸೂಚಿಸುತ್ತದೆ. ಲೆಫೆವ್ರ್ ಅನುಯಾಯಿಗಳು ತಮ್ಮನ್ನು ಕರೆದುಕೊಳ್ಳಲು ಬಯಸುವುದೂ ಅದೇ ಹೆಸರಿನಿಂದ. ವಿವಾದವು ಪರಂಪರೆ ಬೇಕೆ ಬೇಡವೆ ಎಂಬುದನ್ನು ಕುರಿತದ್ದಲ್ಲ. ಪರಂಪರೆ ಯಾವುದೆಂದು ಹೇಳುವ ಅಧಿಕಾರ ಯಾರದೆಂಬುದನ್ನು ಕುರಿತದ್ದು.